ದಿನಬಾಡಿಗೆಗೆ ಮನೆ ಕೊಡುವ ಮುನ್ನ: ಡಾಲರ್ ಚಂದಾ, ಏಜೆಂಟರ ಅಂದಾಜು, ನನ್ನ ನೋಟ್‌ಬುಕ್

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಳೆಯ ಮನೆ ಇದೆ. ಅದರ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಮೊದಲು ಇಲ್ಲಿ ನಿಜಕ್ಕೂ ಬೇಡಿಕೆ ಎಷ್ಟಿದೆ, ಎಷ್ಟು ದರ ಕೇಳಬಹುದು ಎಂದು ತಿಳಿಯಲು ಮೂರು ದಾರಿ ಹಿಡಿದು ನೋಡಿದೆ. ಒಂದು, ಡಾಲರಿನಲ್ಲಿ ತಿಂಗಳ ಚಂದಾ ಕಟ್ಟಿ ಬಳಸುವ, ದಿನಬಾಡಿಗೆ ಮನೆಗಳ ದರ ಮತ್ತು ಭರ್ತಿಯ ಲೆಕ್ಕ ತೋರಿಸುವ ವಿದೇಶಿ ಅಂಕಿಅಂಶ ಸೇವೆ. ಇನ್ನೊಂದು, ಮನೆಗಳ ನಿರ್ವಹಣೆ ವಹಿಸಿಕೊಳ್ಳುವ ಬೆಂಗಳೂರಿನ ಏಜೆಂಟರು ಉಚಿತವಾಗಿ ಕೊಟ್ಟ ಆದಾಯದ ಅಂದಾಜು. ಮೂರನೆಯದು ನಾನೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟ ಲೆಕ್ಕ. ನೋಟ್‌ಬುಕ್ಕೇ ಗೆದ್ದಿತು. ಒಂದು ಸೀಸನ್ ಪೂರ್ತಿ ಅತಿಥಿಗಳನ್ನು ಕಂಡ ಮೇಲೂ ಆ ಅಭಿಪ್ರಾಯ ಹಾಗೆಯೇ ಇದೆ.

ಏಜೆಂಟರ ಅಂದಾಜಿನ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಡಿಸೆಂಬರ್ ಕೊನೆಯ ವಾರದ ದರವನ್ನು ಇಡೀ ವರ್ಷಕ್ಕೆ ಹಿಗ್ಗಿಸಿ ಬರೆದಿದ್ದರು. ಬರುವ ಹಣದಲ್ಲಿ ಐದನೇ ಒಂದು ಭಾಗ ಅವರಿಗೆ. ಕೋಣೆ ತುಂಬಿದರೆ ಲಾಭ ಪಡೆಯುವವರು ಕೊಡುವ ಅಂದಾಜನ್ನು ಒಂದೇ ಆಧಾರವಾಗಿ ನಂಬಿ ಬಣ್ಣ ಬಳಿಸಲು, ಶೌಚಾಲಯ ಕಟ್ಟಿಸಲು ಹಣ ಹಾಕಬಾರದು.

ಚಂದಾ ಸೇವೆಯದು ಅಷ್ಟು ಸರಳ ಸಂಗತಿಯಲ್ಲ. ಅದರ ನಕ್ಷೆ, ಗ್ರಾಫುಗಳು ಚೆನ್ನಾಗಿವೆ. ಗೋವಾ, ಬೆಂಗಳೂರಿನಂತೆ ಸಾವಿರಾರು ಮನೆಗಳಿರುವ ಊರಿನಲ್ಲಿ ಅದು ಉಪಯೋಗಕ್ಕೆ ಬಂದೀತು. ನಮ್ಮ ಕಡೆ ಅದು ಎಡವುವುದು ಮೊದಲಿಗೆ ಭೂಗೋಳದಲ್ಲಿ. ‘ಹಂಪಿ’ ಎಂಬ ಒಂದೇ ಮಾರುಕಟ್ಟೆಯೊಳಗೆ ಹೊಸಪೇಟೆಯ ಲಾಡ್ಜು, ಕಮಲಾಪುರದ ರೆಸಾರ್ಟು, ಹಂಪಿಯ ಕೋಣೆ, ಹೊಳೆಯ ಈಚೆಗಿನ ಆನೆಗೊಂದಿ, ಸಾಣಾಪುರ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದಿತ್ತು. ನಡುವೆ ತುಂಗಭದ್ರೆ ಹರಿಯುತ್ತಾಳೆ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟರೆ ತಳವಾರಘಟ್ಟದ ಹರಿಗೋಲು, ದೋಣಿ ನಿಲ್ಲುತ್ತವೆ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಪೂರ್ಣಗೊಳ್ಳುವ ಮೊದಲೇ ಕುಸಿಯಿತು. ಈಗ ಬುಕ್ಕಸಾಗರದ ಸೇತುವೆ ಸುತ್ತಿಕೊಂಡು ಬರಬೇಕು. ವಿರೂಪಾಕ್ಷ ಗುಡಿಯ ಪಕ್ಕದಲ್ಲೇ ಇರಬೇಕು ಎನ್ನುವ ಪ್ರವಾಸಿಯೂ ಗದ್ದೆ, ಬಂಡೆ, ಸಾಣಾಪುರದ ಕೆರೆ ಬೇಕು ಎನ್ನುವ ಪ್ರವಾಸಿಯೂ ಬೇರೆ ಬೇರೆ ಜನ. ಇಬ್ಬರ ದರದ ಸರಾಸರಿ ನನ್ನ ಯಾವ ಕೆಲಸಕ್ಕೂ ಬಾರದು.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಮೇ ತಿಂಗಳು. ನಮ್ಮ ಕಡೆ ಆ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆಗಳು ಕಾದು ಸಂಜೆಯಾದರೂ ಝಳ ಇಳಿಯುವುದಿಲ್ಲ. ಅಂಥ ಮೇ ತಿಂಗಳಲ್ಲಿ ನಮ್ಮ ಭಾಗದ ಮನೆಗಳು ಅರ್ಧಕ್ಕಿಂತ ಹೆಚ್ಚು ರಾತ್ರಿ ಭರ್ತಿಯಾಗಿದ್ದವು ಎಂದು ಆ ಸೇವೆ ತೋರಿಸುತ್ತಿತ್ತು. ಇಲ್ಲಿ ಹುಟ್ಟಿ ಬೆಳೆದ ಯಾರೂ ಇದನ್ನು ಒಪ್ಪಲಾರರು.

ಕಾರಣ ಕ್ಯಾಲೆಂಡರಿನಲ್ಲಿದೆ. ಬುಕಿಂಗ್ ತಾಣಗಳಲ್ಲಿ ಒಂದು ಮನೆಯ ಕ್ಯಾಲೆಂಡರ್ ತೆರೆದರೆ ಸಿಗದ ದಿನಾಂಕಗಳು ಮಸುಕಾಗಿ ಕಾಣುತ್ತವೆ. ಅತಿಥಿ ಕಾದಿರಿಸಿದ ದಿನವೂ ಮಾಲೀಕರೇ ಮುಚ್ಚಿಟ್ಟ ದಿನವೂ ಹೊರಗಿನಿಂದ ನೋಡುವವರಿಗೆ ಒಂದೇ ಬಗೆ. ಅಂಕಿಅಂಶ ಸೇವೆಗಳು ಇವೆರಡನ್ನು ಲೆಕ್ಕಾಚಾರದಿಂದ ಬೇರೆ ಮಾಡಲು ಪ್ರಯತ್ನಿಸುತ್ತವೆ, ನಿಜ. ಆದರೆ ಮನೆಗಳು ಬೆರಳೆಣಿಕೆಯಷ್ಟಿರುವ ಕಡೆ ಆ ಊಹೆ ತಪ್ಪಿದರೆ ಇಡೀ ಚಿತ್ರವೇ ಕೆಡುತ್ತದೆ. ನಮ್ಮಲ್ಲಿ ಬೇಸಿಗೆಗೆ ಬಾಗಿಲು ಹಾಕುವವರು ಬಹಳ. ಮದುವೆ, ಜಾತ್ರೆ ಬಂದರೆ ಅದೇ ಕೋಣೆಗಳಲ್ಲಿ ನೆಂಟರು ಉಳಿಯುತ್ತಾರೆ. ಭತ್ತದ ಕೊಯ್ಲು ಬಂದರೆ ಒಂದು ಕೋಣೆ ಚೀಲ ಇಡಲು ಹೋಗುತ್ತದೆ. ಇವೆಲ್ಲವೂ ಆ ಗ್ರಾಫಿನಲ್ಲಿ ಬೇಡಿಕೆಯಾಗಿ ಕೂತಿದ್ದವು.

ನೋಟ್‌ಬುಕ್ ಈ ಗಂಟನ್ನು ಬಿಡಿಸಿದ್ದು ಹೀಗೆ. ನಮ್ಮ ಮನೆಯನ್ನು ಹೋಲುವ ಒಂದಿಷ್ಟು ಮನೆಗಳನ್ನಷ್ಟೇ ಆರಿಸಿದೆ: ಹೊಳೆಯ ಈಚೆಗೆ, ಒಂದೆರಡು ಕೋಣೆ, ಈಜುಕೊಳ ಇಲ್ಲದವು. ಬೆಳಗಿನ ಚಹಾದ ಹೊತ್ತಿಗೆ ಅವುಗಳ ಕ್ಯಾಲೆಂಡರ್ ನೋಡಿ ಯಾವ ದಿನ ಹೊಸದಾಗಿ ಮಸುಕಾಯಿತು ಎಂದು ಬರೆಯುತ್ತಾ ಹೋದೆ. ಶುಕ್ರವಾರ, ಶನಿವಾರ ಹೀಗೆ ಎರಡೆರಡು ರಾತ್ರಿ ಅಲ್ಲೊಂದು ಇಲ್ಲೊಂದು ಹೋದರೆ ಅದು ಬುಕಿಂಗ್. ನಿನ್ನೆ ತೆರೆದಿದ್ದ ಇಡೀ ತಿಂಗಳು ಇಂದು ಒಮ್ಮೆಗೇ ಮಸುಕಾದರೆ ಅದು ಮಾಲೀಕರು ಹಾಕಿದ ಬೀಗ. ಒಂದೇ ಸಲ ತೆಗೆದ ಚಿತ್ರ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ, ದಿನದಿನದ ಬದಲಾವಣೆ ತೋರಿಸುತ್ತದೆ.

ಇನ್ನೊಂದು ಸಾಕ್ಷಿ ವಿಮರ್ಶೆಗಳು. ಏರ್‌ಬಿಎನ್‌ಬಿ ಎಂಬ ಬುಕಿಂಗ್ ತಾಣದಲ್ಲಿ ಅತಿಥಿ ಹೊರಟ 14 ದಿನಗಳ ಒಳಗೆ ವಿಮರ್ಶೆ ಬರೆಯಬೇಕು, ಆಮೇಲೆ ಅವಕಾಶವಿಲ್ಲ. ಹಾಗಾಗಿ ಮೇ ಪೂರ್ತಿ ಭರ್ತಿ ಎಂದು ಕಾಣುವ ಮನೆಗೆ ಮೇ, ಜೂನ್ ತಿಂಗಳ ಒಂದೂ ವಿಮರ್ಶೆ ಇಲ್ಲದಿದ್ದರೆ ಆ ಮನೆ ಮುಚ್ಚಿತ್ತು ಎಂದೇ ನಾನು ಬರೆದುಕೊಂಡೆ. ಎಲ್ಲ ಅತಿಥಿಗಳೂ ವಿಮರ್ಶೆ ಬರೆಯುವುದಿಲ್ಲ. ಆದರೆ ಜನವರಿಯಲ್ಲಿ ಸಾಲುಸಾಲಾಗಿ ಬರೆಸಿಕೊಂಡ ಮನೆಗೆ ಮೇ ತಿಂಗಳಲ್ಲಿ ಸೊನ್ನೆ ಎಂದರೆ ಅನುಮಾನಕ್ಕೆ ಜಾಗ ಎಲ್ಲಿದೆ? ಹಳೆಯ ವಿಮರ್ಶೆಗಳನ್ನು ಮಾತ್ರ ಬದಿಗಿಡಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೇ ಹಂಪಿಯ ಎದುರಿನ ನಡುಗಡ್ಡೆಯಾದ ವಿರುಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ತೆರವುಗೊಳಿಸಿದರು, ಅಲ್ಲಿಗೆ ಬರುತ್ತಿದ್ದವರು ಬೇರೆ ಕಡೆ ಹಂಚಿಹೋದರು. ಅದಕ್ಕೂ ಹಿಂದಿನ ಲೆಕ್ಕ ಇಂದಿನ ಮಾರುಕಟ್ಟೆಯದಲ್ಲ.

ದರದ ವಿಷಯದಲ್ಲಿಯೂ ದಿನನಿತ್ಯ ನೋಡುವುದರಿಂದ ಒಂದು ಸಂಗತಿ ಹೊಳೆಯಿತು. ಶನಿವಾರಕ್ಕೆ ಹುಡುಕಿದಾಗ ಪರದೆಯ ಮೇಲೆ ಕಾಣುವ ಬೆಲೆಗಳೆಲ್ಲ ಇನ್ನೂ ಮಾರಾಟವಾಗದ ಕೋಣೆಗಳ ಬೆಲೆ. ಹೋದ ಕೋಣೆ ಪಟ್ಟಿಯಿಂದಲೇ ಮಾಯ. 4,000 ರೂಪಾಯಿ ಕೇಳುವವರು ಕೊನೆಯ ದಿನದವರೆಗೂ ಅಲ್ಲೇ ಇರುತ್ತಾರೆ, 2,200 ಕೇಳಿದವರ ಕೋಣೆ ಮಂಗಳವಾರವೇ ಹೋಗಿರುತ್ತದೆ. ಖಾಲಿ ಇದ್ದಾಗಲೇ ಬೆಲೆ ಬರೆದಿಟ್ಟುಕೊಂಡಿದ್ದರಿಂದ ಯಾವ ಬೆಲೆಗೆ ಕೋಣೆ ಹೋಯಿತು ಎಂದು ಗೊತ್ತಾಯಿತು. ತೆರಿಗೆ ಮತ್ತು ತಾಣದ ಶುಲ್ಕ ಸೇರಿಸಿದ ಮೊತ್ತವನ್ನೇ ಹೋಲಿಸಬೇಕು.

ನೋಟ್‌ಬುಕ್ಕಿಗೂ ಒಂದು ಕೊರತೆ ಇದೆ. ಫೋನಿನಲ್ಲಿ, ಆಟೋ ಚಾಲಕರ ಮೂಲಕ, ಹಿಂದೆ ಬಂದುಹೋದವರ ಪರಿಚಯದಿಂದ ಬರುವ ಅತಿಥಿಗಳು ಯಾವ ತಾಣದಲ್ಲಿಯೂ ವಿಮರ್ಶೆ ಬರೆಯುವುದಿಲ್ಲ. ಅದಕ್ಕಾಗಿ ನಡೆದು ಕೇಳಬೇಕು. ಮಾಲೀಕರನ್ನು ನೇರವಾಗಿ ಕೇಳಿದರೆ ಒಬ್ಬರು ಹೆಚ್ಚಿಸಿ ಹೇಳುತ್ತಾರೆ, ಇನ್ನೊಬ್ಬರು ಪೈಪೋಟಿಗೆ ಹೆದರಿ ಇಳಿಸಿ ಹೇಳುತ್ತಾರೆ. ನನಗೆ ನಂಬಿಕೆಯ ಉತ್ತರ ಸಿಕ್ಕಿದ್ದು ಹಾಸಿಗೆ ಬಟ್ಟೆ ಒಗೆದುಕೊಡುವ ಒಬ್ಬ ಅಮ್ಮನಿಂದ. ಯಾವ ಮನೆಯಿಂದ ವಾರಕ್ಕೆ ಎಷ್ಟು ಹೊದಿಕೆ ಬರುತ್ತವೆ, ಯಾವ ತಿಂಗಳು ಕೆಲಸವೇ ಇರುವುದಿಲ್ಲ ಎಂದು ಅವರು ನಿಂತಲ್ಲೇ ಹೇಳಿದರು. ಹಾಲು ಹಾಕುವವರು ಹೇಳಿದ್ದೂ ಅದಕ್ಕೆ ಹೊಂದಿತು. ಅಂಜನಾದ್ರಿಯ ಜನಸಂದಣಿಯ ಬಗ್ಗೆ ಸರಿಯಾದ ತಿಳಿವಳಿಕೆ ಬಂದದ್ದೂ ಹೀಗೆಯೇ. ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಬೆಟ್ಟಕ್ಕೆ ಅಪಾರ ಸಂಖ್ಯೆಯಲ್ಲಿ ಬರುತ್ತಾರೆ, ಆದರೆ ಮೆಟ್ಟಿಲು ಹತ್ತಿ ದರ್ಶನ ಮುಗಿಸಿ ಊರಿಗೆ ಹೊರಡುವವರೇ ಹೆಚ್ಚು. ರಸ್ತೆಯ ಗದ್ದಲವನ್ನು ಕೋಣೆಯ ಬೇಡಿಕೆ ಎಂದು ಎಣಿಸಬಾರದು.

ಈ ಮೂರು ದಾರಿಗಳಿಗೂ ಮೊದಲು ಆಗಬೇಕಾದ ಕೆಲಸ ಒಂದಿದೆ. ನಮ್ಮ ಭಾಗದ ಹಲವು ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ಅನುಮತಿಯ ವಿಷಯ ಕಾಗದದಲ್ಲಿ ಸ್ಪಷ್ಟವಾಗದೆ ಯಾವ ಲೆಕ್ಕವೂ ಬೇಡ.

ಚಂದಾದ ಒಂದು ತಿಂಗಳ ಹಣ ನಮ್ಮ ಕೋಣೆಯ ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು. ಹತ್ತಾರು ಮನೆ ನಡೆಸುವವರಿಗೆ ಅದು ಭಾರವಲ್ಲ, ದಿನವೂ ಕ್ಯಾಲೆಂಡರ್ ನೋಡುವಷ್ಟು ಬಿಡುವು ಅವರಿಗೆ ಇರುವುದೂ ಇಲ್ಲ. ನನಗೆ ಬೆಳಿಗ್ಗೆ ಬರೆಯುವ ಅಭ್ಯಾಸ ಮೊದಲಿನಿಂದ ಇದೆ, ಬಂಡವಾಳ ಕಡಿಮೆ, ಮನೆ ಒಂದೇ. ಹೀಗಾಗಿ ನೋಟ್‌ಬುಕ್ ಹೇಳಿದಂತೆ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಎರಡೂ ಕೋಣೆ ತೆರೆದೆ. ವಾರದ ದಿನ 1,600, ಶುಕ್ರವಾರ ಮತ್ತು ಶನಿವಾರ 2,200 ಇಟ್ಟೆ. ಏಪ್ರಿಲ್, ಮೇ ಮುಚ್ಚಿ, ಆ ಹೊತ್ತಿಗೆ ಸುಣ್ಣ ಬಣ್ಣ ಮುಗಿಸಿದೆ. ಬಂದ ಹಣ ನನ್ನ ಅಂದಾಜಿಗೆ ಹತ್ತಿರವೇ ಇತ್ತು, ಏಜೆಂಟರ ಅಂದಾಜಿನ ಅರ್ಧವೂ ಆಗಿರಲಿಲ್ಲ.

ಬಳ್ಳಾರಿಯಲ್ಲಿರುವ ನನ್ನ ತಮ್ಮ ಈಗ ತನ್ನ ಮಹಡಿ ಮನೆಗೆ ಇದೇ ಲೆಕ್ಕ ಹಾಕಿಕೊಡು ಎನ್ನುತ್ತಿದ್ದಾನೆ. ಅಲ್ಲಿಗೆ ಬರುವವರು ವಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ರೋಗಿಗಳ ಕಡೆಯವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಂದವರು. ಅವರಲ್ಲಿ ಬುಕಿಂಗ್ ತಾಣಗಳಲ್ಲಿ ಕೋಣೆ ಹುಡುಕುವವರು ವಿರಳ. ಆದ್ದರಿಂದ ಕ್ಯಾಲೆಂಡರ್ ಬಿಟ್ಟು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗಳಲ್ಲಿ, ಸುತ್ತಲಿನ ಲಾಡ್ಜುಗಳಲ್ಲಿ ವಿಚಾರಿಸಲು ಹೇಳಿದ್ದೇನೆ.