ಕ್ಯಾಮೆರಾಕ್ಕೆ ‘ಅಂತೆ’ ಎನ್ನಲು ಬಾರದು: ಆರು ಕೃತಿಗಳನ್ನು ಓದಿಯೂ ನೋಡಿಯೂ ಮಾಡಿದ ಹೋಲಿಕೆ

ಕಾದಂಬರಿಯನ್ನು ಓದಿದ ಮೇಲೆ ಅದರ ಸಿನಿಮಾ ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಪುಸ್ತಕದಷ್ಟು ಚೆನ್ನಾಗಿಲ್ಲ. ನಾನೂ ಬಹುಕಾಲ ಇದನ್ನೇ ಹೇಳಿಕೊಂಡು ಬಂದವನು. ಆದರೆ ಹಾಗೆ ಹೇಳಿದಾಗಲೆಲ್ಲ ನಾನು ಪುಸ್ತಕವನ್ನೇ ಮೊದಲು ಓದಿರುತ್ತಿದ್ದೆ; ಆದ್ದರಿಂದ ಸೋತದ್ದು ಸಿನಿಮಾವೋ ಅಥವಾ ಯಾವುದು ಎರಡನೆಯದಾಗಿ ಬಂದಿತೋ ಅದು ಸೋಲಲೇಬೇಕಾಗಿತ್ತೋ ಎಂಬುದನ್ನು ಬೇರ್ಪಡಿಸಿ ನೋಡುವ ದಾರಿಯೇ ನನಗಿರಲಿಲ್ಲ. ಈ ಅನುಮಾನ ಬಲವಾದ ಮೇಲೆ, ಸುಮಾರು ಒಂದೂವರೆ ವರ್ಷದ ಅವಧಿಯಲ್ಲಿ ಆರು ಕೃತಿಗಳನ್ನು ಆರಿಸಿಕೊಂಡು, ಓದುವ ಮತ್ತು ನೋಡುವ ಕ್ರಮವನ್ನು ಬೇಕೆಂದೇ ಬದಲಿಸಿ ಪರೀಕ್ಷಿಸಿದೆ.

ಮೂರನ್ನು ಮೊದಲು ಓದಿ ಅನಂತರ ನೋಡಿದೆ. ಎರಡರ ಸಿನಿಮಾಗಳನ್ನು ಮೊದಲೇ ನೋಡಿದ್ದೆನಾದ್ದರಿಂದ ಅವುಗಳ ಪುಸ್ತಕಗಳನ್ನು ಈಗ ಕೈಗೆತ್ತಿಕೊಂಡೆ. ಕೊನೆಯದೊಂದನ್ನು ಒಂದೇ ಸಂಜೆಯಲ್ಲಿ ಓದಿಯೂ ನೋಡಿಯೂ ಮುಗಿಸಿದೆ. ಸಿನಿಮಾವನ್ನು ನಡುವೆ ನಿಲ್ಲಿಸದೆ ಒಂದೇ ಬೈಠಕ್ಕಿನಲ್ಲಿ ನೋಡಬೇಕು, ಅಭಿಪ್ರಾಯವನ್ನು ಅಂದೇ ಬರೆಯದೆ ಮರುದಿನ ಬರೆಯಬೇಕು, ಒಂದು ತಿಂಗಳ ನಂತರ ಏನು ನೆನಪಿನಲ್ಲಿ ಉಳಿದಿದೆ ಎಂಬುದನ್ನು ಟಿಪ್ಪಣಿ ನೋಡದೆ ಇನ್ನೊಮ್ಮೆ ಬರೆಯಬೇಕು ಎಂಬುದು ನಾನು ಹಾಕಿಕೊಂಡ ನಿಯಮ. ಎರಡನೆಯ ಬರಹವೇ ಹೆಚ್ಚು ಕಲಿಸಿತು. ಮೊದಲನೆಯದರಲ್ಲಿ ಬಹುಪಾಲು ‘ಇದು ಬಿಟ್ಟುಹೋಗಿದೆ, ಅದು ಬದಲಾಗಿದೆ’ ಎಂಬ ಲೆಕ್ಕಪರಿಶೋಧನೆಯೇ ತುಂಬಿತ್ತು.

ಮೊದಲು ಓದಿದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರ 1970ರದು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದ್ದಾರೆ, ಅಲ್ಲಿನ ಆಚಾರಗಳನ್ನು ಮುರಿದ ನಾರಣಪ್ಪನಾಗಿ ಪಿ. ಲಂಕೇಶರಿದ್ದಾರೆ. ಕಾದಂಬರಿ ಆರಂಭವಾಗುವ ಹೊತ್ತಿಗೆ ನಾರಣಪ್ಪ ಸತ್ತಿದ್ದಾನೆ. ಅವನ ಬಗ್ಗೆ ನಮಗೆ ತಿಳಿಯುವುದೆಲ್ಲ ಬಹುಮಟ್ಟಿಗೆ ಅಗ್ರಹಾರದವರ ಬಾಯಿಂದ, ಅವರ ಅಸೂಯೆ ಮತ್ತು ಭಯಗಳ ಮೂಲಕ, ಉಳಿದದ್ದು ಆಚಾರ್ಯರ ನೆನಪಿನ ಮೂಲಕ. ಕನ್ನಡದಲ್ಲಿ ಇದಕ್ಕೊಂದು ಸಣ್ಣ ಪದವಿದೆ: ಅಂತೆ. ಅವನು ಹಾಗೆ ಮಾಡಿದನಂತೆ, ಹೀಗೆ ಅಂದನಂತೆ. ಓದುವಾಗ ನನ್ನ ಮನಸ್ಸಿನ ನಾರಣಪ್ಪನಿಗೆ ಮುಖವೇ ಇರಲಿಲ್ಲ, ಹೇಳುವವರು ಬದಲಾದಂತೆ ಅವನೂ ಬದಲಾಗುತ್ತಿದ್ದ. ತೆರೆಯ ಮೇಲೆ ಲಂಕೇಶರು ಕಾಣಿಸಿಕೊಂಡ ಕ್ಷಣದಲ್ಲಿ ಅವನು ಒಬ್ಬ ಮನುಷ್ಯನಾದ. ಪಾತ್ರ ನಿರ್ವಹಣೆಯಲ್ಲಿ ಕೊರತೆಯೇನಿಲ್ಲ. ಅಲ್ಲಿರುವ ದರ್ಪ ನೋಡುವಂಥದ್ದೇ. ಆದರೂ ಕ್ಯಾಮೆರಾ ತೋರಿಸಿದ್ದೆಲ್ಲ ನಡೆದದ್ದೇ ಆಗಿಬಿಡುತ್ತದೆ. ಅದಕ್ಕೆ ‘ಅಂತೆ’ ಎನ್ನಲು ಬಾರದು.

ಇದೇ ತೊಡಕು ಆಚಾರ್ಯರು ಅಗ್ರಹಾರ ಬಿಟ್ಟು ನಡೆಯುವ ಕೊನೆಯ ಭಾಗದಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಕಾದಂಬರಿಯ ಘಟನೆಗಳು ಬಹುಪಾಲು ಅವರ ತಲೆಯೊಳಗೇ ಜರಗುತ್ತವೆ. ಒಂದು ನಿರ್ಧಾರಕ್ಕೆ ಬರುತ್ತಾರೆ, ಮರುವಾಕ್ಯದಲ್ಲಿ ಅದನ್ನೇ ಸಂಶಯಿಸುತ್ತಾರೆ, ಆ ಸಂಶಯಕ್ಕೇ ನಾಚುತ್ತಾರೆ. ಸಿನಿಮಾದಲ್ಲಿ ಒಬ್ಬ ಮನುಷ್ಯ ನಡೆಯುವುದು ಮತ್ತು ಪುಟ್ಟನೆಂಬ ಸಹಪ್ರಯಾಣಿಕ ಅವನ ಬೆನ್ನುಬಿಡದಿರುವುದು ಕಾಣುತ್ತದೆ. ಒಳಗಿನ ವಾದವನ್ನು ಓದಿದವನು ತಾನೇ ತುಂಬಿಕೊಳ್ಳಬೇಕಾಗುತ್ತದೆ. ಇಷ್ಟಾಗಿಯೂ ಒಂದು ತಿಂಗಳ ನಂತರ ಬರೆಯಲು ಕುಳಿತಾಗ, ಅಗ್ರಹಾರದ ಬೀದಿ ಹೇಗಿತ್ತು, ಮನೆಗಳು ಎಷ್ಟು ಒತ್ತೊತ್ತಾಗಿದ್ದವು ಎಂಬುದಕ್ಕೆ ನನಗೆ ನೆನಪಾದದ್ದು ಆ ಕಪ್ಪುಬಿಳುಪು ಚಿತ್ರಿಕೆಗಳೇ ಹೊರತು ನಾನು ಓದುವಾಗ ಕಲ್ಪಿಸಿಕೊಂಡದ್ದಲ್ಲ. ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಎಷ್ಟು ಬೇಗ ನನ್ನ ಸ್ವಂತ ಅಗ್ರಹಾರವನ್ನು ಬಿಟ್ಟುಕೊಟ್ಟೆನಲ್ಲ ಎಂದು ಕೊಂಚ ಬೇಸರವೂ ಆಯಿತು.

ಎರಡನೆಯದು ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’. ಪುಸ್ತಕರೂಪದಲ್ಲಿ 1929ರಲ್ಲಿ ಬಂದ ಈ ಕಾದಂಬರಿಯನ್ನು ನಾನು ಅನುವಾದದಲ್ಲಿ ಓದಿದೆ. ಸತ್ಯಜಿತ್ ರಾಯ್ ಅವರ ಚಿತ್ರ 1955ರದು. ಕಾದಂಬರಿಯಲ್ಲಿ ಅಪು ಮತ್ತು ದುರ್ಗಾ ರೈಲನ್ನು ನೋಡಲೆಂದು ಓಡುತ್ತಾರೆ, ಆದರೆ ನೋಡದೆಯೇ ಹಿಂದಿರುಗುತ್ತಾರೆ. ಮುಂದೆ ಕಾಯಿಲೆ ಮಲಗಿದ ದುರ್ಗಾ, ತನಗೆ ವಾಸಿಯಾದ ಮೇಲೆ ರೈಲು ತೋರಿಸುವೆಯಾ ಎಂದು ತಮ್ಮನನ್ನು ಕೇಳುತ್ತಾಳೆ. ಆ ‘ನೋಡಲಿಲ್ಲ’ ಎಂಬುದೇ ನನ್ನನ್ನು ಬಹಳ ದಿನ ಕಾಡಿದ್ದು. ಸಿನಿಮಾದಲ್ಲಾದರೋ ಬಿಳಿಯ ಹೂಗಳು ತುಂಬಿದ ಬಯಲಿನಾಚೆ ರೈಲು ಬಂದೇ ಬರುತ್ತದೆ. ಮೊದಲ ಬಾರಿ ನೋಡಿದಾಗ ಇದು ನನಗೆ ಮೋಸವೆಂದೇ ತೋರಿತು. ಅನಂತರ ಯೋಚಿಸಿದರೆ, ಬಾರದ ರೈಲನ್ನು ತೋರಿಸುವುದಾದರೂ ಹೇಗೆ? ಬರವಣಿಗೆಯಲ್ಲಿ ಒಂದು ‘ಇಲ್ಲ’ ಸೇರಿಸಿದರೆ ಸಾಕು, ಇಡೀ ಬಾಲ್ಯದ ಮೇಲೆ ಅದರ ನೆರಳು ಬೀಳುತ್ತದೆ. ತೆರೆಯ ಮೇಲೆ ‘ಇಲ್ಲ’ ಎಂದರೆ ಬರಿಯ ಖಾಲಿ ಬಯಲು. ಹಾಗಾಗಿ ರಾಯ್ ಇಲ್ಲದಿರುವುದನ್ನು ಬಿಟ್ಟು ಇರುವುದನ್ನು ಆರಿಸಿಕೊಂಡರು: ಮಕ್ಕಳು ಕಂಬಕ್ಕೆ ಕಿವಿಗೊಟ್ಟು ಕೇಳುವ ಗುಂಯ್‌ಗುಡುವ ಸದ್ದು, ಗಾಳಿಗೆ ಬಾಗುವ ಹೂಗಳು, ಕಪ್ಪು ಹೊಗೆ. ಎರಡನೆಯ ಸಲ ನೋಡಿದಾಗ ನನ್ನ ಮುನಿಸು ಇಳಿಯಿತು. ಆದರೂ ಯಾವ ದುರ್ಗಾ ಹೆಚ್ಚು ನೋಯಿಸಿದಳು ಎಂದು ಕೇಳಿದರೆ, ರೈಲು ಕಾಣದ ದುರ್ಗಾ ಎಂದೇ ಉತ್ತರಿಸುತ್ತೇನೆ.

ಇಷ್ಟರವರೆಗೆ ಪುಸ್ತಕದ ಪಕ್ಷವೇ ಗೆಲ್ಲುತ್ತಿದೆ ಎಂದುಕೊಂಡಿದ್ದ ನನಗೆ ‘ಚೋಮನ ದುಡಿ’ ಬೇರೆಯದನ್ನೇ ಹೇಳಿತು. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ತನ್ನದೆಂಬ ತುಂಡು ನೆಲದಲ್ಲಿ ಬೇಸಾಯ ಮಾಡಬೇಕೆಂಬ ಚೋಮನ ಆಸೆ ಈಡೇರುವುದಿಲ್ಲ, ಸಾಲ ತೀರುವುದಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ; ಸುಖವಾದರೂ ದುಃಖವಾದರೂ ಅವನು ದುಡಿ ಬಾರಿಸುತ್ತಾನೆ. ಕಾದಂಬರಿಯನ್ನು ಓದುವಾಗ ‘ದುಡಿ’ ಎಂಬ ಪದ ನೂರು ಸಲ ಬಂದರೂ ನನ್ನ ಕೋಣೆ ನಿಶ್ಶಬ್ದವಾಗಿಯೇ ಇತ್ತು, ಮತ್ತು ಆ ನಿಶ್ಶಬ್ದವನ್ನು ನಾನು ಗಮನಿಸಿರಲೂ ಇಲ್ಲ. ಸಿನಿಮಾದಲ್ಲಿ, ಸಂಗೀತವನ್ನೂ ಸ್ವತಃ ಬಿ.ವಿ. ಕಾರಂತರೇ ವಹಿಸಿಕೊಂಡಿರುವುದರಿಂದ, ಆ ವಾದ್ಯ ಮಾತಿನ ಸ್ಥಾನವನ್ನೇ ಹಿಡಿಯುತ್ತದೆ; ಎಂ.ವಿ. ವಾಸುದೇವರಾಯರ ಚೋಮ ಬಾಯಿಬಿಟ್ಟು ಹೇಳದೆ ಉಳಿಸಿಕೊಂಡದ್ದನ್ನು ಅವರ ಬೆರಳುಗಳು ಹೇಳುತ್ತವೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಓದುವಾಗ ನೋವಿನ ಭಾಗಗಳನ್ನು ನಾನು ಬೇಗಬೇಗ ದಾಟಿದ್ದೆನೆಂಬ ಸತ್ಯವೂ ಆಗಲೇ ಗೊತ್ತಾದದ್ದು. ಪುಟ ಮಗುಚುವ ಅಧಿಕಾರ ಓದುಗನ ಕೈಯಲ್ಲಿದೆ, ಅದನ್ನು ಅವನು ಹೇಡಿತನಕ್ಕೂ ಬಳಸಬಲ್ಲ. ಸಿನಿಮಾ ಮಾತ್ರ ತಾನು ನಿಗದಿಪಡಿಸಿದಷ್ಟು ಹೊತ್ತು ನಮ್ಮನ್ನು ಆ ಗುಡಿಸಲಿನಲ್ಲಿ ಕೂರಿಸಿಯೇ ಕಳಿಸುತ್ತದೆ.

ಕ್ರಮವನ್ನು ತಿರುವುಮುರುವು ಮಾಡಿದಾಗ ಆಗುವ ನಷ್ಟ ಯಾವುದೆಂಬುದು ‘ನಾಗರಹಾವು’ವಿನಲ್ಲಿ ಸ್ಪಷ್ಟವಾಯಿತು. ಪುಟ್ಟಣ್ಣ ಕಣಗಾಲರ 1972ರ ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇದಕ್ಕೆ ಆಧಾರ ತ.ರಾ.ಸು. ಅವರ ಮೂರು ಕಾದಂಬರಿಗಳೆಂಬುದು, ಎಂದರೆ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬುದು ತಿಳಿದದ್ದು ತಡವಾಗಿ. ಓದತೊಡಗಿದರೆ ಪ್ರತಿ ಪುಟದಲ್ಲೂ ವಿಷ್ಣುವರ್ಧನರ ಕಣ್ಣುಗಳು, ಚಾಮಯ್ಯ ಮೇಷ್ಟ್ರು ಬಾಯಿ ತೆರೆದರೆ ಕೆ.ಎಸ್. ಅಶ್ವತ್ಥರ ಧ್ವನಿ. ಲೇಖಕರು ವರ್ಣಿಸುವ ರಾಮಾಚಾರಿಯನ್ನು ಕಾಣಲು ನಾನು ಪ್ರಯತ್ನಪಟ್ಟು ಸೋತೆ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟಿದ್ದರಂತೆ (ಇಲ್ಲಿಯೂ ಒಂದು ‘ಅಂತೆ’ ಬಂತು, ಇರಲಿ). ಮೂರು ಪುಸ್ತಕಗಳ ಹರವನ್ನು ಒಂದೇ ಚಿತ್ರದಲ್ಲಿ ಅಡಕಿದ್ದನ್ನು ನೋಡಿದ ಮೇಲೆ ಆ ಬೇಸರದ ಕಾರಣ ನನಗೆ ಅರ್ಥವಾಯಿತು, ಚಿತ್ರದ ಮೇಲಿನ ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ.

‘ಗಾಡ್‌ಫಾದರ್’ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಮಾರಿಯೋ ಪುಜೊ ಅವರ 1969ರ ಕಾದಂಬರಿಯನ್ನು ಕೊಪ್ಪೊಲಾ ಅವರ 1972ರ ಚಿತ್ರ ನೋಡಿದ ನಂತರ ಓದಿದೆ, ಮತ್ತು ಅನೇಕ ಕಡೆ ಪುಟ ಹಾರಿಸಿದೆ. ಗಾಯಕ ಜಾನಿ ಫಾಂಟೇನ್‌ನ ಉದ್ದುದ್ದ ಅಧ್ಯಾಯಗಳನ್ನು ಬಹುಪಾಲು ಕೈಬಿಟ್ಟು, ಡಾನ್‌ನ ಯೌವನದ ಕಥೆಯನ್ನು 1974ರ ಎರಡನೆಯ ಭಾಗಕ್ಕೆಂದು ಎತ್ತಿಟ್ಟದ್ದು ಒಳ್ಳೆಯ ಸಂಪಾದಕನ ಕೆಲಸ. ಕತ್ತರಿ ಯಾವಾಗಲೂ ಪುಸ್ತಕಕ್ಕೆ ಅಪಚಾರವಲ್ಲ ಎಂಬುದಕ್ಕೆ ನನಗೆ ಸಿಕ್ಕ ಒಂದೇ ಆಧಾರ ಇದು. ಆದರೆ ಗಟ್ಟಿ ಆಧಾರ.

ಒಂದೇ ಸಂಜೆಯ ಪರೀಕ್ಷೆಗೆ ಆರಿಸಿಕೊಂಡದ್ದು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಮತ್ತು ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಚಿತ್ರ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಸಿನಿಮಾದವರ ರೂಢಿಯ ಅಂದಾಜು. ಮುನ್ನೂರು ಪುಟದ ಕಾದಂಬರಿಯನ್ನು ನಾನು ಓದಿ ಮುಗಿಸಲು ಹತ್ತು ಗಂಟೆ ಬೇಕು. ಹಾಗಾಗಿ ಕಾದಂಬರಿಯಿಂದ ಚಿತ್ರ ಮಾಡುವವರು ಕತ್ತರಿಸುತ್ತಲೇ ಇರಬೇಕಾಗುತ್ತದೆ, ಸಣ್ಣಕಥೆಯಿಂದ ಮಾಡುವವರಿಗೆ ಬೆಳೆಸುವ ಅವಕಾಶವಿರುತ್ತದೆ. ಕಥೆಯಲ್ಲಿ ತಬರ ತನ್ನ ಪಿಂಚಣಿಗಾಗಿ ಕಚೇರಿಗೆ ‘ಅಲೆಯುತ್ತಿದ್ದ’ ಎಂದರೆ ಆ ಒಂದು ಕ್ರಿಯಾಪದದೊಳಗೆ ತಿಂಗಳುಗಳು ಅಡಗಿರುತ್ತವೆ. ಕ್ಯಾಮೆರಾ ಒಮ್ಮೆಗೆ ಒಂದೇ ಭೇಟಿಯನ್ನು ತೋರಿಸಬಲ್ಲದು, ‘ಅಲೆಯುತ್ತಿದ್ದ’ ಎಂಬುದೂ ಅದರ ವ್ಯಾಕರಣದಲ್ಲಿಲ್ಲ ಎಂದು ನಾನು ಆಗಲೇ ಟಿಪ್ಪಣಿ ಸಿದ್ಧಮಾಡಿಕೊಂಡಿದ್ದೆ. ಆದರೆ ಕಾಸರವಳ್ಳಿಯವರು ತಬರನನ್ನು ಮತ್ತೆ ಮತ್ತೆ ಕಚೇರಿಗೆ ಕರೆತಂದು ಕಾಯಿಸುತ್ತಾರೆ. ಚಾರುಹಾಸನ್ ಅವರ ಭುಜ ಕುಸಿಯುತ್ತ ಹೋಗುವುದನ್ನು ನೋಡುತ್ತ ನೋಡುತ್ತ ಆ ಕ್ರಿಯಾಪದ ಕಣ್ಣೆದುರೇ ತಯಾರಾಗುತ್ತದೆ. ನನ್ನ ಸೂತ್ರವನ್ನು ಅಷ್ಟರಮಟ್ಟಿಗೆ ಸಡಿಲಿಸಬೇಕಾಯಿತು. ಈ ಕಥೆಯಿರುವ ‘ಅಬಚೂರಿನ ಪೋಸ್ಟಾಫೀಸು’ ಸಂಕಲನವೊಂದರಿಂದಲೇ ಶೀರ್ಷಿಕೆಯ ಕಥೆ, ‘ಕುಬಿ ಮತ್ತು ಇಯಾಲ’, ‘ತಬರನ ಕಥೆ’ ಹಾಗೂ 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಹೀಗೆ ನಾಲ್ಕು ಚಿತ್ರಗಳು ಬಂದಿರುವುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಒಂದೇ ಸಂಜೆ ಎರಡನ್ನೂ ಮುಗಿಸಿದ್ದು ಮಾತ್ರ ತಪ್ಪಾಯಿತು; ಯಾವ ವಿವರ ತೇಜಸ್ವಿಯವರದು, ಯಾವುದು ಕಾಸರವಳ್ಳಿಯವರದು ಎಂಬುದು ತಿಂಗಳ ನಂತರ ಪೂರ್ತಿ ಕಲಸಿಹೋಗಿತ್ತು.

ಹೀಗಾಗಿ ಈಗ ನಾನು ಅನುಸರಿಸುವುದು ಇಷ್ಟು. ಮೂಲ ಸಣ್ಣಕಥೆಯಾಗಿದ್ದರೆ ಯಾವುದು ಮೊದಲು ಕೈಗೆ ಸಿಕ್ಕಿತೋ ಅದರಿಂದಲೇ ಆರಂಭಿಸುತ್ತೇನೆ, ಆದರೆ ಎರಡರ ನಡುವೆ ಕೆಲವು ವಾರಗಳ ಅಂತರವಿಡುತ್ತೇನೆ. ಕಥನದ ಗತಿಯೇ ಮುಖ್ಯವಾದ, ಘಟನೆಗಳಿಂದ ನಡೆಯುವ ದಪ್ಪ ಕಾದಂಬರಿಯಾಗಿದ್ದರೆ ಸಿನಿಮಾವನ್ನು ಮೊದಲು ನೋಡಲು ನನಗೆ ಸಂಕೋಚವಿಲ್ಲ. ಒಳಮನಸ್ಸಿನಲ್ಲಿ, ವದಂತಿಯಲ್ಲಿ, ಆಗದೇ ಹೋದ ಸಂಗತಿಗಳಲ್ಲಿ ಬದುಕುವ ಕಾದಂಬರಿಯಾಗಿದ್ದರೆ, ಎಷ್ಟೇ ಹೆಸರುವಾಸಿಯಾದ ಚಿತ್ರವಿರಲಿ, ಓದು ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ.

ಸದ್ಯ ನನ್ನ ಮುಂದಿರುವುದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಪ್ರೇಮಾ ಕಾರಂತರ ಚಿತ್ರವೂ ನೋಡಲು ಸಿಕ್ಕಿದೆ. ಕಾದಂಬರಿ ಕುಟುಂಬದ ಹಿರಿಯರೊಬ್ಬರ ನಿಜ ಬದುಕನ್ನು ಆಧರಿಸಿದ್ದು, ಬಾಯಿಂದ ಬಾಯಿಗೆ ದಾಟಿಬಂದ ಕಥೆ. ಎಂದರೆ ಉದ್ದಕ್ಕೂ ‘ಅಂತೆ’. ಚಿತ್ರವನ್ನು ಬದಿಗಿಟ್ಟು ಪುಸ್ತಕದ ಮೊದಲ ನಲವತ್ತು ಪುಟ ಓದಿದ್ದೇನೆ. ಫಣಿಯಮ್ಮನಿಗೆ ಇನ್ನೂ ಮುಖ ಬಂದಿಲ್ಲ.