ಸವಾನಾ ಮಾನಿಟರ್ ಮರಿ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದ್ಬಿಡಿ

"ಪಾಪದ ಪ್ರಾಣಿ, ಆರಾಮಾಗಿ ಸಾಕ್ಬೋದು" ಅಂತ ಯಾರಾದ್ರೂ ಅಂಗೈಯಗಲದ ಸವಾನಾ ಮಾನಿಟರ್ (ನಮ್ಮ ಉಡದ ಬಳಗದ ಹಲ್ಲಿ) ಮರಿ ತೋರಿಸಿದ್ರೆ ಸ್ವಲ್ಪ ತಡೀರಿ. ನಂಗೆ ಮಾರಿದವನೂ ಹೀಗೇ ಹೇಳಿದ್ದ. ಗಾಜಿನ ಟ್ಯಾಂಕು, ಒಣ ಮರಳು, ಒಂದು ಬಲ್ಬು, ತಿನ್ನೋಕೆ ಇಲಿಮರಿ, ಇಷ್ಟಿದ್ರೆ ಸಾಕಂತೆ. ಇಷ್ಟೇ ಇದ್ರೆ ಅದು ನಿಧಾನಕ್ಕೆ ಸಾಯುತ್ತೆ, ಸಾಯ್ತಿದೆ ಅಂತ ಗೊತ್ತೂ ಆಗಲ್ಲ.

ಯಾಕಂದ್ರೆ ಮೊದಮೊದಲು ಎಲ್ಲಾ ಚೆನ್ನಾಗೇ ಕಾಣುತ್ತೆ. ಇಲಿ ತಿಂದು ಗುಂಡಗುಂಡಗೆ ಆಗುತ್ತೆ, ಬಾಲದ ಬುಡ ದಪ್ಪ ಆಗುತ್ತೆ, ಕೈಯಲ್ಲಿ ಎತ್ಕೊಂಡ್ರೂ ಸುಮ್ನಿರುತ್ತೆ, ಮನೆಗೆ ಬಂದೋರೆಲ್ಲಾ ಅಬ್ಬಾ ಎಷ್ಟು ಪಳಗಿದೆ ಅಂತಾರೆ. ಎಲ್ಲಿ ಪಳಗೋದು, ಮೈಯಲ್ಲಿ ನೀರಿಲ್ಲ, ಬಿಸಿ ಸಾಲ್ದು, ಏಳೋಕೆ ತ್ರಾಣ ಇಲ್ದೆ ಬಿದ್ಕೊಂಡಿರುತ್ತೆ ಅಷ್ಟೇ. ಆರೋಗ್ಯವಾಗಿರೋ ಮಾನಿಟರ್ ಮಣ್ಣು ಅಗೀತಾನೇ ಇರುತ್ತೆ, ಇಷ್ಟ ಆಗ್ದಿದ್ರೆ ಬುಸ್ ಅಂತ ಕತ್ತು ಉಬ್ಬಿಸಿ ಬಾಲದಲ್ಲಿ ಬಾರಿಸುತ್ತೆ.

ನಮ್ಮನೇದಕ್ಕೆ ಮೊದಲು ಕಾಲ್ಬೆರಳ ತುದೀಲಿ ಪೊರೆ ಬಿಡ್ದೆ, ದಾರ ಸುತ್ತಿದ ಹಾಗೆ ಬಿಗಿದ್ಕೊಂಡು ಬೆರಳೇ ಕಪ್ಪಾಯ್ತು. ಮಾರಿದವನಿಗೆ ಫೋಟೋ ಕಳ್ಸಿದ್ರೆ "ಬೆಚ್ಚಗಿನ ನೀರಲ್ಲಿ ಬಿಡಿ, ಸರಿಹೋಗುತ್ತೆ" ಅಂದ, ಆಮೇಲೆ ಫೋನೇ ಎತ್ಲಿಲ್ಲ. ಗೆಣ್ಣುಗಳು ಊದಿದ್ವು, ಊಟ ಬಿಡ್ತು. ಸರೀಸೃಪ ನೋಡೋ ಡಾಕ್ಟ್ರನ್ನ ಹುಡುಕೋದೇ ಒಂದು ಸಾಹಸ, ಕೊನೆಗೆ ಸಿಕ್ಕೋರು ಗೌಟ್ ಅಂದ್ರು, ಅಂದ್ರೆ ಕಿಡ್ನಿ ಸೋತು ಯೂರಿಕ್ ಆಸಿಡ್ ಹರಳಾಗಿ ಕೀಲಲ್ಲಿ ಕೂತಿದೆ, ಜೊತೆಗೆ ಲಿವರ್ ತುಂಬಾ ಕೊಬ್ಬು. ಉಳೀಲಿಲ್ಲ.

ಈ ಪ್ರಾಣಿ ಆಫ್ರಿಕಾದ್ದು, ಅಲ್ಲಿ ತಿನ್ನೋದು ಜಾಸ್ತಿ ಮಿಡತೆ, ಜೀರುಂಡೆ, ಚೇಳು, ಬಸವನಹುಳು ಇಂಥವೇ, ದಿನಾ ಇಲಿ ತಿಂದು ಬದುಕೋದಲ್ಲ. ಬಿಸಿಲು ಕಾಯೋ ಜಾಗ ಮಾತ್ರ ಸುಡುತ್ತಿರ್ಬೇಕು, ಕಲ್ಲಿನ ಮೇಲ್ಮೈ 55-60 ಡಿಗ್ರಿ ಸೆಲ್ಸಿಯಸ್ಸು. ಗೋಡೆಗೆ ಅಂಟ್ಸೋ ಥರ್ಮಾಮೀಟರ್ ಬರೀ ಗಾಳಿ ಬಿಸಿ ತೋರ್ಸುತ್ತೆ, ಟೆಂಪರೇಚರ್ ಗನ್ ಇಲ್ದೆ ಗೊತ್ತಾಗಲ್ಲ. ಆದ್ರೆ ಬಿಲ ತೇವವಾಗಿರ್ಬೇಕು, ಅದಕ್ಕೇ ಎರಡಡಿ ಆಳದ ಮಣ್ಣು ಬೇಕು, ಬೆಳೆದ್ರೆ ಮೂರು-ನಾಲ್ಕಡಿ ಉದ್ದ ಆಗೋದಕ್ಕೆ 8 ಅಡಿ ಉದ್ದ 4 ಅಡಿ ಅಗಲದ ಗೂಡು. ರೂಮಿನ ಅರ್ಧ ಭಾಗ ಅದಕ್ಕೇ ಅಂತ ಇಟ್ಕೊಳ್ಳಿ. ನೈಲ್ ಮಾನಿಟರ್, ವಾಟರ್ ಮಾನಿಟರ್ ಇನ್ನೂ ದೊಡ್ಡವು, ಅದರ ಸುದ್ದಿಯೇ ಬೇಡ.

"ಕ್ಯಾಪ್ಟಿವ್", ಅಂದ್ರೆ ಸಾಕಿದ ಜೋಡಿಗೇ ಹುಟ್ಟಿದ ಮರಿ, ಅನ್ನೋ ಮಾತಿಗೂ ಮರುಳಾಗ್ಬೇಡಿ. ಘಾನಾ, ಟೋಗೊ, ಬೆನಿನ್ ಕಡೆ ಕಾಡಲ್ಲಿ ಬಸುರಿ ಹೆಣ್ಣು ಹಿಡಿದು ಮೊಟ್ಟೆ ಇಡಿಸಿ, ಆ ಮರಿಗಳನ್ನ ಕ್ಯಾಪ್ಟಿವ್ ಅಂತ ಮಾರೋದುಂಟು. ಕಾಗದಪತ್ರಾನೂ ನೋಡಿ, ಮಾನಿಟರ್ ಜಾತಿಯೆಲ್ಲಾ ಸೈಟಿಸ್ (ಕಾಡುಪ್ರಾಣಿಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಒಪ್ಪಂದ) ಪಟ್ಟೀಲಿವೆ, ನಮ್ಮ ಕಡೆಯ ಉಡ ಅಂತೂ ಅದರ ಅತಿ ಬಿಗಿಯಾದ ಅನುಬಂಧ 1ರಲ್ಲೇ ಇದೆ, ಅದರ ತಂಟೆಗೇ ಹೋಗ್ಬೇಡಿ.

ಇಷ್ಟಾದ್ಮೇಲೂ ಬೇಕೇ ಬೇಕು ಅನ್ನೋರು ಎರಡಡಿ ದಾಟೋದೇ ಅಪರೂಪ ಆಗಿರೋ ಆಕಿ ಮಾನಿಟರ್ ಬಗ್ಗೆ ಓದ್ಕೊಳ್ಳಿ, ಮಾರೋನ ಹತ್ರ ಅಪ್ಪ-ಅಮ್ಮ ಹಲ್ಲಿಗಳನ್ನ ತೋರ್ಸಪ್ಪಾ ಅನ್ನಿ. ಮಾತು ತೇಲಿಸಿದ್ರೆ ಅಲ್ಲಿಂದ ಎದ್ದು ಬನ್ನಿ.