ಓಡಿಸಿದ ಹಾಡೋ, ಎಳೆದ ಹಾಡೋ?

ರೀಲ್ಸ್‌ನಲ್ಲಿ ಈಗ ಹಳೆಯ ಹಾಡು ಇದ್ದ ಹಾಗೇ ಸಿಗುವುದು ಅಪರೂಪ. ಒಂದೋ ಸ್ಪೆಡ್ ಅಪ್, ಅಂದರೆ ವೇಗವಾಗಿ ಓಡಿಸಿದ್ದು, ಇಲ್ಲವೇ ಸ್ಲೋಡ್ ಪ್ಲಸ್ ರಿವರ್ಬ್, ಅಂದರೆ ನಿಧಾನವಾಗಿ ಎಳೆದು ಖಾಲಿ ಸಭಾಂಗಣದ ಹಾಗೆ ಗುಂಯ್‌ಗುಡುವಿಕೆ ಸೇರಿಸಿದ್ದು. ಯಾವುದು ಕೇಳುವಂತಿದೆ ನೋಡೋಣ ಅಂತ ಎಸ್‌ಪಿಬಿ, ಜಾನಕಿ ಹಾಡಿದ ಐದು ನಿಮಿಷದ ಯುಗಳಗೀತೆಯೊಂದನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶಕ್ಕೆ ಹಾಕಿ ಎರಡೂ ಮಾಡಿಕೊಂಡೆ. 1.25ರ ವೇಗದಲ್ಲಿ ನಾಲ್ಕೇ ನಿಮಿಷಕ್ಕೆ ಮುಗಿಯಿತು, 0.8ರಲ್ಲಿ ಆರೂಕಾಲು ನಿಮಿಷ.

ವೇಗ ಹೆಚ್ಚಿಸಿದರೆ ಶ್ರುತಿಯೂ ಜೊತೆಗೇ ಏರುತ್ತದೆ. 1.25ಕ್ಕೆ ಹಾರ್ಮೋನಿಯಂನ ಕರಿ-ಬಿಳಿ ಸೇರಿ ಹತ್ತಿರಹತ್ತಿರ ನಾಲ್ಕು ಮನೆ ಮೇಲೆ. ಎಸ್‌ಪಿಬಿ ದನಿ ಮೀಸೆ ಚಿಗುರದ ಹುಡುಗನದಾಯಿತು, ಅದನ್ನಾದರೂ ತಡೆದುಕೊಳ್ಳಬಹುದು. ಮೊದಲೇ ತಾರಸ್ಥಾಯಿಯಲ್ಲಿ ಆಡುವ ಜಾನಕಿಯಮ್ಮನ ದನಿ ಮಾತ್ರ ಕಿವಿಗೆ ಚುಚ್ಚುತ್ತದೆ, ಒತ್ತಕ್ಷರಗಳು ಅರ್ಧಕ್ಕರ್ಧ ನುಂಗಿಹೋಗುತ್ತವೆ. 2000ದ ದಶಕದ ಆರಂಭದಲ್ಲಿ ನಾರ್ವೆಯ ಇಬ್ಬರು ಹುಡುಗರು ನೈಟ್‌ಕೋರ್ ಹೆಸರಲ್ಲಿ ಹೀಗೆ ಓಡಿಸಿದ್ದು ಟ್ರಾನ್ಸ್, ಯೂರೋಡಾನ್ಸ್ ಎಂಬ ಕುಣಿತದ ಎಲೆಕ್ಟ್ರಾನಿಕ್ ಹಾಡುಗಳನ್ನು. ಅಲ್ಲಿ ಬೀಟ್ ಮುಖ್ಯ, ಸಾಹಿತ್ಯ ಹೋದರೂ ನಡೆಯುತ್ತದೆ. ನನ್ನ ಹಾಡಿನಲ್ಲೂ ಗೆದ್ದದ್ದು ಮಾತಿಲ್ಲದ ಜಾಗವೇ: ಪಲ್ಲವಿ ಮುಗಿದ ಮೇಲೆ ಬರುವ ವಯಲಿನ್ ಗುಂಪಿಗೆ ಹೊಸ ಹುರುಪು ಬಂದಿತ್ತು. ಅಮೆರಿಕದ ಗಾಯಕ ಮಿಗೆಲ್‌ನ ‘ಶ್ಯೂರ್ ಥಿಂಗ್’ ಹಾಡು ಹತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ, 2023ರಲ್ಲಿ, ಟಿಕ್‌ಟಾಕ್‌ನ ಓಡಿಸಿದ ಆವೃತ್ತಿಯಿಂದ ಮತ್ತೆ ಚಾರ್ಟ್ ಹತ್ತಿತು ಅಂದರೆ ನಂಬಬಹುದು. ಮೂವತ್ತು ಸೆಕೆಂಡಿಗೆ ಇದು ಚೆನ್ನ. ಪೂರ್ತಿ ಕೇಳಿದರೆ ತಲೆನೋವು.

ಎಳೆಯುವ ಚಟ ಇನ್ನೂ ಹಳೆಯದು. 1990ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನ ಡಿಜೆ ಸ್ಕ್ರೂ ರ‍್ಯಾಪ್ ಹಾಡುಗಳನ್ನು ನಿಧಾನಗೊಳಿಸಿ ಕ್ಯಾಸೆಟ್ ಮಾಡಿ ಹಂಚುತ್ತಿದ್ದ. ರಿವರ್ಬ್ ಸೇರಿಸುವ ಗೀಳು ಹತ್ತಿದ್ದು ಆಮೇಲೆ. 0.8ರಲ್ಲಿ ಜಾನಕಿಯಮ್ಮ ಗಂಡುದನಿಗೆ ಜಾರುತ್ತಾರೆ, ತಬಲಾದ ಎಡ ಗುಮ್ಮೆನ್ನುತ್ತದೆ. ಆದರೆ ಒಂದು ಲಾಭವಿದೆ. ಸ್ವರದಿಂದ ಸ್ವರಕ್ಕೆ ಅವರು ಜಾರುವ ದಾರಿ, ಸಾಲಿನ ನಡುವೆ ಕದ್ದು ಎಳೆದುಕೊಳ್ಳುವ ಉಸಿರು, ಮೂಲದಲ್ಲಿ ನಾನು ಗಮನಿಸದೇ ಇದ್ದದ್ದೆಲ್ಲ ಬಿಡಿಬಿಡಿಯಾಗಿ ಕೇಳಿಸಿತು. ಹಾಡು ಕಲಿಯುವವರು ಒಮ್ಮೆ ಮಾಡಿ ನೋಡಬೇಕು. ರಿವರ್ಬ್ ಹಾಕಿದಿರೋ, ಅದೆಲ್ಲ ಹೋಯಿತು! ಒಂದು ಪದದ ಬಾಲ ಮುಂದಿನ ಪದದ ಮೇಲೆ ಬಿದ್ದು ಚರಣ ಪೂರ್ತಿ ಕಲಸುಮೇಲೋಗರ.

ಯೂಟ್ಯೂಬ್‌ನಲ್ಲೇ ವೇಗ ಬದಲಿಸಿದರೆ ಆಗದೇ ಅಂತ ಕೇಳಬಹುದು. ಅಲ್ಲಿ ಶ್ರುತಿ ಕದಲುವುದಿಲ್ಲ, ನಿಜ. ಆದರೆ 0.75ಕ್ಕೆ ಇಳಿಸಿದರೆ ತಾಳವಾದ್ಯದ ಪೆಟ್ಟು ನೀರೊಳಗಿಂದ ಬಂದಂತಿರುತ್ತದೆ. ಭಾಷಣಕ್ಕೆ ಸಾಕು, ಹಾಡಿಗೆ ಬೇಡ.

ಕೊನೆಗೆ ಫೋನಿನಲ್ಲಿ ಉಳಿದದ್ದು 0.9ರದ್ದು, ರಿವರ್ಬ್ ಇಲ್ಲದೆ. ಶ್ರುತಿ ಎರಡು ಮನೆಯಷ್ಟೂ ಇಳಿಯುವುದಿಲ್ಲ, ಜಾನಕಿ ಜಾನಕಿಯಾಗಿಯೇ ಇರುತ್ತಾರೆ. ಓಡಿಸಿದ್ದನ್ನು ಅಳಿಸಿದೆ, ಆ ವಯಲಿನ್ ತುಣುಕನ್ನು ಮಾತ್ರ ಕತ್ತರಿಸಿ ರಿಂಗ್‌ಟೋನ್ ಮಾಡಿಕೊಂಡಿದ್ದೇನೆ.